ಇಪ್ಪತ್ತನೇ ತಾರೀಕಿಗೇ ದಿನಸಿ ದುಡ್ಡು ಖಾಲಿ

ಪ್ರಶ್ನೆ: ನಾವು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಇರುವವರು. ಗಂಡನಿಗೆ ಕೂಲಿ ಕೆಲಸ, ಮಳೆಗಾಲದಲ್ಲಿ ಅದೂ ಕಮ್ಮಿ. ಮನೆಯಲ್ಲಿ ಐದು ಜನ. ತಿಂಗಳ ಇಪ್ಪತ್ತಕ್ಕೇ ದಿನಸಿಗೆ ಇಟ್ಟ ಹಣ ಮುಗಿಯುತ್ತದೆ, ಮತ್ತೆ ಅಂಗಡಿಯಲ್ಲಿ ಸಾಲ. ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ರೇಷನ್ ಕಾರ್ಡಿನ ಬಣ್ಣ ನೋಡಿ. ಗುಲಾಬಿ ಕಾರ್ಡಾದರೆ ಒಬ್ಬರಿಗೆ ತಿಂಗಳಿಗೆ 5 ಕೆಜಿ ಧಾನ್ಯ ಸಿಗಬೇಕು, ಹಳದಿಯಾದರೆ ಮನೆಗೆ 35 ಕೆಜಿ. ನೀಲಿ ಅಥವಾ ಬಿಳಿ ಕಾರ್ಡಿದ್ದು, ಆದಾಯ ನಿಜವಾಗಿಯೂ ಕಮ್ಮಿ ಇದ್ದರೆ ಗುಲಾಬಿ ಕಾರ್ಡಿಗೆ ಬದಲಾಯಿಸಲು ಅರ್ಜಿ ಹಾಕಿ, ಅದು ನಿಮ್ಮ ಹಕ್ಕು, ಸಂಕೋಚ ಬೇಡ. ಕೇರಳ ಸರಕಾರದ ಸಪ್ಲೈಕೋ ನಡೆಸುವ ಮಾವೇಲಿ ಸ್ಟೋರಿನಲ್ಲಿ ಕಡಲೆ, ಹೆಸರು, ಉದ್ದು, ಒಣಮೆಣಸು, ಸಕ್ಕರೆ, ತೆಂಗಿನೆಣ್ಣೆ ಎಲ್ಲ ಸಬ್ಸಿಡಿ ದರಕ್ಕೆ ಸಿಗುತ್ತವೆ. ಕಾರ್ಡ್ ಒಯ್ಯಲೇಬೇಕು. ಎಲ್ಲವೂ ಎಲ್ಲ ದಿನ ಇರುವುದಿಲ್ಲ, ಹಾಗಾಗಿ ಬಸ್ ಹತ್ತುವ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ, ಸುಮ್ನೆ ಟಿಕೆಟ್ ದುಡ್ಡು ಯಾಕೆ ಹಾಳು?

ಸಾಲದ ಅಂಗಡಿಯೇ ಜಾಸ್ತಿ ತಿನ್ನುವುದು. ಪುಸ್ತಕದಲ್ಲಿ ಬರೆಸಿಕೊಳ್ಳುವಾಗ ಬಿಸ್ಕತ್ತು, ಮಿಕ್ಸ್ಚರ್ ಎಲ್ಲ ಸೇರಿಬಿಡುತ್ತವೆ, ಅಲ್ವಾ? ದಿನಗೂಲಿ ಮನೆಗೆ ತಿಂಗಳ ಲೆಕ್ಕ ಸರಿಹೋಗುವುದಿಲ್ಲ, ವಾರದ ಲೆಕ್ಕ ಇಡಿ. ಕೂಲಿ ಬಂದ ದಿನವೇ ಅಕ್ಕಿ, ಬೇಳೆ, ಎಣ್ಣೆಯ ಪಾಲು ತೆಗೆದಿಡಿ. ಬೇಸಿಗೆಯಲ್ಲಿ ಕೆಲಸ ಇರುವಾಗಲೇ ಹುರುಳಿ, ಒಣಮೆಣಸು ಕೊಂಡು ಬಿಸಿಲಿಗೆ ಹಾಕಿ ಡಬ್ಬಿಗೆ ತುಂಬಿಡಿ. ಹಲಸಿನ ಬೀಜವನ್ನಂತೂ ಎಸೆಯಲೇಬೇಡಿ. ಬಸಳೆ ಚಪ್ಪರ, ನುಗ್ಗೆ, ಪಪ್ಪಾಯಿ ಇದ್ದರೆ ಜೋರು ಮಳೆಯ ಆಟಿ ತಿಂಗಳಲ್ಲೂ ಸಾಂಬಾರು, ಪಲ್ಯಕ್ಕೆ ತೊಂದರೆಯಿಲ್ಲ. ಮಕ್ಕಳ ಮೊಟ್ಟೆ, ಹಾಲು ಮಾತ್ರ ಕಡಿತ ಮಾಡಬೇಡಿ.