ಕಿಟಕಿ ತೆಗೆಯಬೇಡ ಎಂದು ಅಮ್ಮನಿಗೆ ಹೇಳಿದ್ದೆ

ನಿಮ್ಮ ಪತ್ರ ಓದಿದೆ. ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಆರು ವಾರ ಆಗಿದೆ, 1958ರಲ್ಲಿ ಕಟ್ಟಿದ ಬಿಲ್ಡಿಂಗಿನ ಎರಡನೇ ಮಹಡಿಯಲ್ಲಿ ಮನೆ ಸಿಕ್ಕಿದೆ, ಮಲಗುವ ಕೋಣೆಯ ಹೊರಗೋಡೆ ಮುಟ್ಟಿದರೆ ಮಂಜುಗಡ್ಡೆ, ಮೇಲಿನವರು ನಡೆದರೆ ನಮ್ಮ ತಲೆ ಮೇಲೇ ನಡೆದ ಹಾಗಿರುತ್ತದೆ ಅಂತ ಬರೆದಿದ್ದೀರಿ. ಗೋಡೆಗೆ ಒಳಗಿನಿಂದ ಥರ್ಮೋಕೋಲ್ ಶೀಟ್ ಅಂಟಿಸಿದರೆ ಚಳಿ, ಸದ್ದು ಎರಡೂ ನಿಲ್ಲುತ್ತದಾ ಅಂತ ಕೇಳಿದ್ದೀರಿ. ಡಿಸೆಂಬರಿಗೆ ಅಪ್ಪ ಅಮ್ಮ ಬರುತ್ತಾರೆ, ಅಷ್ಟರೊಳಗೆ ಕೆಲಸ ಮುಗಿಸಬೇಕು ಅನ್ನುವುದು ಕೊನೆಯ ಸಾಲು.

ಅಂಟಿಸಬೇಡಿ. ಅವಸರ ಇದ್ದರೆ ಇಷ್ಟೇ ಓದಿ ಬಿಡಬಹುದು. ನಿಮ್ಮ ಆ ಕೊನೆಯ ಸಾಲಿನಿಂದ ನನಗೆ 2010 ನೆನಪಾಯಿತು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನಾನು ಬಂದದ್ದು 2007ರ ಅಕ್ಟೋಬರಿನಲ್ಲಿ. ಊರು ತೀರ್ಥಹಳ್ಳಿ ಹತ್ತಿರ. ನಮ್ಮ ಕಡೆಯ ಮನೆ ನಿಮಗೆ ಗೊತ್ತಲ್ಲ. ಹಂಚಿನ ಮಾಡು, ಕೆಳಗೆ ಮುಚ್ಚಿಗೆ, ಮಣ್ಣಿನ ದಪ್ಪ ಗೋಡೆ. ಗಾಳಿ ಯಾರನ್ನೂ ಕೇಳದೆ ಬರುತ್ತದೆ, ಕೇಳದೆ ಹೋಗುತ್ತದೆ. ಇಲ್ಲಿ ಮೊದಲ ರಾತ್ರಿ ಕಿಟಕಿ ಮುಚ್ಚಿದೆ ನೋಡಿ, ರಸ್ತೆಯ ಟ್ರಾಮ್ ಸದ್ದು ಕತ್ತಿಯಲ್ಲಿ ಕಡಿದ ಹಾಗೆ ನಿಂತಿತು. ಮತ್ತೆ ತೆಗೆದೆ, ಮತ್ತೆ ಮುಚ್ಚಿದೆ. ಸುಮ್ನೆ, ನಾಲ್ಕೈದು ಸಲ. ಎರಡು ಗಾಜು, ಸುತ್ತ ರಬ್ಬರ್ ಅಂಚು. ಇಲ್ಲಿ ಕಿಟಕಿ ಅಂದರೆ ಕಿಟಕಿ ಅಂತ ಫೋನಿನಲ್ಲಿ ಅಮ್ಮನ ಹತ್ತಿರ ಜಂಬ ಕೊಚ್ಚಿಕೊಂಡಿದ್ದೆ.

ಆ ಕಿಟಕಿಯದ್ದೇ ತೊಂದರೆ ಅಂತ ಆಮೇಲೆ ಗೊತ್ತಾಯಿತು. ನಿಮ್ಮದೂ ಬಹುಶಃ ಅದೇ ಕಥೆ.

ಮೊದಲು ಥರ್ಮೋಕೋಲ್ ವಿಷಯ. ನಮಗೆ ಅದು ಗಣಪತಿ ಮಂಟಪದ ಸಾಮಾನು. ಇಲ್ಲಿ ಅದಕ್ಕೆ ಸ್ಟೈರೋಪೋರ್ ಅನ್ನುತ್ತಾರೆ, ಇಡೀ ಬಿಲ್ಡಿಂಗಿಗೇ ಉಡಿಸುತ್ತಾರೆ. ಹೊಸ ಬಣ್ಣದ ಮನೆಗಳ ಹೊರಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿ. ಬೊಳ್ ಬೊಳ್ ಅನ್ನುತ್ತದೆ. ಒಳಗೆ 14-16 ಸೆಂಟಿಮೀಟರ್ ಥರ್ಮೋಕೋಲ್, ಮೇಲೆ ತೆಳು ಗಾರೆ. ಮರಕುಟಿಗ ಹಕ್ಕಿ ಇದನ್ನು ಟೊಳ್ಳು ಮರ ಅಂತ ತಿಳಿದು ತೂತು ಕೊರೆಯುವುದೂ ಉಂಟು. ಜರ್ಮನ್ನರು ಅದರ ಮೇಲೆ ಎಷ್ಟು ಗಂಭೀರವಾಗಿ ಚರ್ಚೆ ಮಾಡುತ್ತಾರೆ ಅಂದರೆ, ನಗು ತಡೆಯುವುದು ಕಷ್ಟ.

ಕೆಲಸ ಮಾಡುವುದು ಥರ್ಮೋಕೋಲ್ ಅಲ್ಲ, ಅದರೊಳಗೆ ಸಿಕ್ಕಿಬಿದ್ದ ಗಾಳಿ. ಕಂಬಳಿಗೆ ತನ್ನದೇ ಬಿಸಿ ಇಲ್ಲ, ಅಲ್ವಾ? ಎಳೆಗಳ ನಡುವೆ ನಿಂತ ಗಾಳಿ ನಿಮ್ಮ ಮೈಯ ಬಿಸಿಯನ್ನು ಹೊರಗೆ ಬಿಡುವುದಿಲ್ಲ, ಅಷ್ಟೇ. ಗಾಜಿನ ಉಣ್ಣೆ, ಕಲ್ಲಿನ ಉಣ್ಣೆ, ಮರದ ನಾರಿನ ಹಲಗೆ, ಎಲ್ಲದರ ಗುಟ್ಟೂ ಇದೇ. ನಾಲ್ಕು ಸೆಂಟಿಮೀಟರ್ ಥರ್ಮೋಕೋಲ್ ತಡೆಯುವಷ್ಟು ಬಿಸಿಯನ್ನು ತಡೆಯಬೇಕಾದರೆ ಎರಡು ಮೀಟರಿಗೂ ಜಾಸ್ತಿ ದಪ್ಪದ ಕಾಂಕ್ರೀಟ್ ಬೇಕು. ನಿಮ್ಮ ಗೋಡೆ ಯಾಕೆ ತಣ್ಣಗಿದೆ ಅಂತ ಇದರಲ್ಲೇ ಗೊತ್ತಾಗುತ್ತದೆ. 1973ರ ತೈಲದ ಬಿಕ್ಕಟ್ಟಿನಲ್ಲಿ ಪೆಟ್ಟು ತಿಂದ ಮೇಲೆಯೇ ಈ ದೇಶ ಮನೆಯ ಶಾಖ ಉಳಿಸಲು ನಿಯಮ ತಂದದ್ದು, 1977ರಲ್ಲಿ. ನಿಮ್ಮ ಬಿಲ್ಡಿಂಗಿಗೆ ಆಗಲೇ ಹತ್ತೊಂಬತ್ತು ವರ್ಷ.

ಹಾಗಿದ್ದರೆ ಒಳಗಿನಿಂದ ಯಾಕೆ ಅಂಟಿಸಬಾರದು? ಕಂಬಳಿಯನ್ನು ಹೊರಗೆ ಹೊದಿಸಿದರೆ ಗೋಡೆಯೂ ಬೆಚ್ಚಗಿರುತ್ತದೆ. ಒಳಗೆ ಹಾಕಿದರೆ ಕೋಣೆ ಮಾತ್ರ ಬೆಚ್ಚಗೆ, ಗೋಡೆ ಮೊದಲಿಗಿಂತ ಜಾಸ್ತಿ ತಣ್ಣಗಾಗುತ್ತದೆ. ಕೋಣೆಯ ಗಾಳಿಯಲ್ಲಿ ನಿಮ್ಮ ಉಸಿರು, ಕುಕ್ಕರಿನ ಹಬೆ, ಒಣಹಾಕಿದ ಬಟ್ಟೆಯ ತೇವ ಎಲ್ಲ ಇರುತ್ತದೆ. ಶೀಟಿನ ಸಂದಿಯಿಂದ ಅದು ಹಿಂದಕ್ಕೆ ನುಗ್ಗಿ ಆ ತಣ್ಣನೆ ಗೋಡೆಗೆ ತಾಗಿ ನೀರಾಗುತ್ತದೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಗದ್ದೆಗೆ ಹೋದರೆ ಒಳಗೇ ಬೆವೆತು ಒದ್ದೆಯಾಗುತ್ತೇವಲ್ಲ, ಹಾಗೆ. ಆಗುತ್ತಿರುವುದು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಒಳಗಿನಿಂದಲೇ ಮಾಡಬೇಕಾದ ಕಡೆ ಕ್ಯಾಲ್ಸಿಯಂ ಸಿಲಿಕೇಟ್ ಹಲಗೆ ಹಾಕುತ್ತಾರೆ, ಅದು ತೇವ ಹೀರಿ ಮತ್ತೆ ಬಿಡುತ್ತದೆ. ಅದು ತಿಳಿದವರ ಕೆಲಸ, ಮನೆ ಯಜಮಾನರ ಒಪ್ಪಿಗೆಯೂ ಬೇಕು. ಬಾಡಿಗೆಯವರು ಕೈ ಹಾಕುವ ವಿಷಯ ಅಲ್ಲ.

ಈಗ ಕಿಟಕಿಯ ಕಥೆ. 1950ರ ದಶಕದ ಮನೆಗಳಿಗೆ ಒಂಟಿ ಗಾಜಿನ, ಸಂದಿ ಬಿಟ್ಟ ಕಿಟಕಿಗಳಿದ್ದವು. ಗಾಳಿ ಸೋರುತ್ತಿತ್ತು, ಬಿಸಿಯೂ ಸೋರುತ್ತಿತ್ತು. ಆದರೆ ಮನೆಯಲ್ಲಿ ಎಲ್ಲಕ್ಕಿಂತ ತಣ್ಣಗಿನ ಜಾಗ ಆ ಗಾಜೇ ಆಗಿತ್ತು. ತೇವ ಅಲ್ಲಿಯೇ ನೀರಾಗಿ ಇಳಿಯುತ್ತಿತ್ತು, ಬೆಳಿಗ್ಗೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಆಮೇಲೆ ಯಜಮಾನರು ಖರ್ಚು ಮಾಡಿ ಬಿಗಿಯಾದ ಎರಡು ಗಾಜಿನ ಕಿಟಕಿ ಹಾಕಿಸಿದರು. ಗೋಡೆಯನ್ನು ಹಾಗೇ ಬಿಟ್ಟರು. ಈಗ ಗಾಜು ಗೋಡೆಗಿಂತ ಬೆಚ್ಚಗೆ. ಸಂದಿ ಇಲ್ಲ, ತೇವ ಹೊರಗೆ ಹೋಗುವುದಿಲ್ಲ. ಅದು ಹುಡುಕಿಕೊಂಡು ಹೋಗುವುದು ಗೋಡೆಯ ಮೂಲೆಗೆ, ಬೀರುವಿನ ಹಿಂದಕ್ಕೆ, ಮಂಚದ ತಲೆ ಹತ್ತಿರಕ್ಕೆ. ಕೋಣೆ 20 ಡಿಗ್ರಿ, ತೇವಾಂಶ ಶೇಕಡ 60 ಇದ್ದರೆ, 12 ಡಿಗ್ರಿಯ ಗೋಡೆಯ ಮೇಲೆ ನೀರು ಕೂರುತ್ತದೆ. ಬೂಷ್ಟಿಗೆ ನೀರು ಕಾಣುವಷ್ಟೂ ಬೇಡ, ಅದಕ್ಕಿಂತ ಮೊದಲೇ ಹಿಡಿಯುತ್ತದೆ.

ಅಮ್ಮ ಬಂದದ್ದು 2010ರ ನವೆಂಬರಿನಲ್ಲಿ, ಮೂರು ತಿಂಗಳ ವೀಸಾದಲ್ಲಿ. ಆ ಡಿಸೆಂಬರಿನ ಹಿಮ ಇಲ್ಲಿನವರಿಗೂ ಇನ್ನೂ ನೆನಪಿದೆ. ಅವಳಿಗೆ ಒಳ್ಳೆಯದು ಕೊಡಬೇಕು ಅಂತ ಮೂಲೆಯ ಕೋಣೆ ಕೊಟ್ಟೆವು. ಎರಡು ಕಡೆ ಹೊರಗೋಡೆ. ಒಂದಕ್ಕೆ ಮಂಚ ಒತ್ತಿಟ್ಟೆವು, ಇನ್ನೊಂದಕ್ಕೆ ಬೀರು. ಆ ಮನೆಯಲ್ಲಿ ಅದಕ್ಕಿಂತ ತಪ್ಪು ಜಾಗ ಇರಲಿಲ್ಲ.

ಬೆಳಿಗ್ಗೆ ಐದೂವರೆಗೆ ಏಳುತ್ತಿದ್ದಳು. ಎದ್ದವಳೇ ಕಿಟಕಿಯನ್ನು ಅಗಲ ತೆಗೆಯುತ್ತಿದ್ದಳು. ಶಾಲು ಹೊದ್ದು ಅಲ್ಲೇ ನಿಂತು ಹಿಮ ನೋಡುತ್ತಿದ್ದಳು. ಹೀಟರ್ ಓಡುತ್ತಿದೆ ಅಮ್ಮ, ದುಡ್ಡು ಹೊರಗೆ ಹೋಗುತ್ತಿದೆ ಅಂದೆ. ಮರುದಿನವೂ ತೆಗೆದಳು. ಹೊರಗಿನ ತೇವ ಒಳಗೆ ಬರುತ್ತೆ, ನಮ್ಮೂರ ಆಷಾಢದ ಹಾಗೆ ಅಂದೆ. ಇಂಜಿನಿಯರ್ ಮಗ ಅಲ್ವಾ, ಕಾರಣ ಬೇರೆ ಕೊಡಬೇಕು. ಮೂರನೇ ದಿನ ಸ್ವಲ್ಪ ಜೋರಾಗಿಯೇ ಹೇಳಿದೆ. ಆಮೇಲೆ ತೆಗೆಯಲಿಲ್ಲ.

ನಾನು ಕೊಟ್ಟ ಕಾರಣ ಪೂರ್ತಿ ತಲೆಕೆಳಗು. ಊರಲ್ಲಿ ಮಳೆಗಾಲದಲ್ಲಿ ಕಿಟಕಿ ತೆಗೆದರೆ ತೇವ ಒಳಗೆ ಬರುತ್ತದೆ, ನಿಜ. ಇಲ್ಲಿನ ಚಳಿಗಾಲದ ಗಾಳಿ ಒಣ. ಸೊನ್ನೆ ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿಯುವುದೇ ಸುಮಾರು 5 ಗ್ರಾಂ ನೀರು. ಅದನ್ನು ಒಳಗೆ ತಂದು 20 ಡಿಗ್ರಿಗೆ ಕಾಯಿಸಿದರೆ 17 ಗ್ರಾಂ ಹಿಡಿಯುತ್ತದೆ. ಅಂದರೆ ಹಿಮ ಬೀಳುತ್ತಿದ್ದರೂ ಹೊರಗಿನ ಗಾಳಿ ನಿಮ್ಮ ಕೋಣೆಯನ್ನು ಒಣಗಿಸುತ್ತದೆ. ಇದನ್ನು ನಾನು ಕಾಲೇಜಿನಲ್ಲಿ ಓದಿ ಪಾಸಾಗಿದ್ದೆ.

ಎರಡು ವಾರ ಕಳೆದ ಮೇಲೆ ಅಮ್ಮ ಹೇಳಿದಳು, 'ಇಲ್ಲಿ ಬೂಷ್ಟಿನ ವಾಸನೆ ಬರುತ್ತೆ ಕಣೋ.' ಮಲೆನಾಡಿನ ಹೆಂಗಸಿಗೆ ಬೂಷ್ಟು ಯಾರಾದರೂ ಹೇಳಿಕೊಡಬೇಕಾ? ಹಪ್ಪಳದ ಡಬ್ಬಿ, ಚಪ್ಪಲಿ, ನಮ್ಮ ಶಾಲೆಯ ಚೀಲ, ವರ್ಷಕ್ಕೆ ನಾಲ್ಕು ತಿಂಗಳು ಅದರ ಜೊತೆ ಗುದ್ದಾಡಿದವಳು. ನಾನು ನಕ್ಕೆ. 'ಇದು ಜರ್ಮನಿ ಅಮ್ಮ, ಇಲ್ಲೆಲ್ಲ ಅದು ಇರಲ್ಲ' ಅಂದೆ.

ಜನವರಿ ಕೊನೆಗೆ ಅವಳ ಪೆಟ್ಟಿಗೆ ಕಟ್ಟುವಾಗ ಬೀರು ಎಳೆದೆವು. ಹಿಂದಿನ ಗೋಡೆಯಲ್ಲಿ ಮೊರದಷ್ಟು ಅಗಲಕ್ಕೆ ಕಪ್ಪು. ಬೀರುವಿನ ತೆಳು ಹಿಂಬದಿ ಹಲಗೆಯನ್ನೂ ದಾಟಿ ಒಳಗೆ ಬಂದಿತ್ತು. ಮಗನ ಮನೆಯಲ್ಲಿ ಸಂಕ್ರಾಂತಿಗೆ ಉಡಲು ತಂದಿದ್ದ ನೀಲಿ ಮೈಸೂರು ಸಿಲ್ಕ್ ಸೀರೆಯ ಮಡಿಕೆಗಳಲ್ಲಿ ಬೂದು ಚುಕ್ಕೆ. ಹಬ್ಬದ ದಿನ ಚಳಿ ಅಂತ ಅದನ್ನು ಉಡದೆ ಸ್ವೆಟರ್ ಹಾಕಿಕೊಂಡಿದ್ದಳು. 'ಊರಿಗೆ ಹೋಗಿ ಬಿಸಿಲಿಗೆ ಹಾಕಿದರೆ ಹೋಗುತ್ತೆ ಬಿಡು' ಅಂದಳು. ಹೋಗಿರಲಿಲ್ಲ. ಮುಂದಿನ ವರ್ಷ ಊರಿಗೆ ಹೋದಾಗ ನೋಡಿದೆ.

ಮನೆ ಯಜಮಾನರ ಕಡೆಯವರು ಬಂದು ಸಣ್ಣ ಮೀಟರ್ ಇಟ್ಟು ನೋಡಿದರು. ತೇವಾಂಶ ಶೇಕಡ 72. ದಿನಕ್ಕೆ ಎಷ್ಟು ಸಲ ಕಿಟಕಿ ತೆಗೆಯುತ್ತೀರಿ ಅಂತ ಕೇಳಿ, ಬಾಡಿಗೆ ಕರಾರಿನ ಒಂದು ಪುಟ ತೋರಿಸಿದರು. ದಿನಕ್ಕೆ ಎರಡು ಮೂರು ಸಲ, ಎಲ್ಲ ಕಿಟಕಿಯನ್ನೂ ಅಗಲ ತೆಗೆದು ಗಾಳಿ ಆಡಿಸಬೇಕು ಅಂತ ಅದರಲ್ಲಿತ್ತು. ಇದಕ್ಕೆ ಸ್ಟೋಸ್‌ಲುಫ್ಟನ್ ಅಂತ ಹೆಸರು. ನಾನು ಓದದೆ ಸಹಿ ಹಾಕಿದ್ದೆ. ಅಮ್ಮನಿಗೆ ಜರ್ಮನ್ ಒಂದಕ್ಷರ ಬರುತ್ತಿರಲಿಲ್ಲ. ಆ ಮನೆಯಲ್ಲಿ ಕರಾರಿನ ಪ್ರಕಾರ ನಡೆದುಕೊಂಡವಳು ಅವಳೊಬ್ಬಳೇ. ಮನೆ ಬಿಡುವಾಗ ಅಡ್ವಾನ್ಸಿನಲ್ಲಿ ಪೇಂಟಿನ ದುಡ್ಡು ಕಡಿದುಕೊಂಡರು. ಗೋಡೆಯದ್ದೂ ತಪ್ಪಿತ್ತು ಅಂತ ವಾದ ಮಾಡಬಹುದಿತ್ತು, ಮಾಡಲಿಲ್ಲ.

ಅವಳು ಮತ್ತೆ ಬರಲಿಲ್ಲ. ಮಂಡಿ ನೋವು ಅನ್ನುತ್ತಿದ್ದಳು. 2016ರಲ್ಲಿ ಹೋದಳು. ನಡುವೆ ಐದು ವರ್ಷ ಪ್ರತಿ ಭಾನುವಾರ ಫೋನ್ ಮಾಡಿದ್ದೇನೆ. ಗೋಡೆಗೆ ಪೇಂಟ್ ಮಾಡಿಸಿದ್ದು ಹೇಳಿದೆ, ಮನೆ ಬದಲಾಯಿಸಿದ್ದು ಹೇಳಿದೆ. ನೀನು ಹೇಳಿದ್ದೇ ಸರಿ ಇತ್ತು ಅನ್ನುವುದೊಂದು ಬಾಯಿಗೆ ಬರಲಿಲ್ಲ.

ಇರಲಿ. ನೀವು ಮಾಡಬೇಕಾದದ್ದು ಇಷ್ಟು. ಹತ್ತು ಹದಿನೈದು ಯೂರೋ ಕೊಟ್ಟು ತೇವಾಂಶದ ಮೀಟರ್ ತನ್ನಿ. 60 ದಾಟಲು ಬಿಡಬೇಡಿ. ಬೆಳಿಗ್ಗೆ, ಸಂಜೆ, ಅಡುಗೆ ಸ್ನಾನ ಆದ ಮೇಲೆ ಕಿಟಕಿ ಪೂರ್ತಿ ತೆಗೆದು ಐದು ಹತ್ತು ನಿಮಿಷ ಬಿಡಿ. ಹೀಟರ್ ತಿರುಗಣಿ ಆಗ ಮುಚ್ಚಿರಲಿ. ಗಾಳಿ ಬದಲಾಗುತ್ತದೆ, ಗೋಡೆಯ ಬಿಸಿ ಹಾಗೇ ಇರುತ್ತದೆ, ಕೋಣೆ ಬೇಗ ಬೆಚ್ಚಗಾಗುತ್ತದೆ. ಕಿಟಕಿಯನ್ನು ಓರೆಯಾಗಿ ಬಾಗಿಸಿ ದಿನವಿಡೀ ಬಿಡುವುದು ಮಾತ್ರ ಬೇಡ. ಗಾಳಿಯೂ ಸರಿಯಾಗಿ ಬದಲಾಗಲ್ಲ, ಕಿಟಕಿ ಸುತ್ತಲ ಗೋಡೆ ತಣ್ಣಗಾಗಿ ಅಲ್ಲೇ ಬೂಷ್ಟು. ಬೀರುವನ್ನು ಒಳಗೋಡೆಗೆ ಸರಿಸಿ. ಜಾಗವೇ ಇಲ್ಲ ಅಂದರೆ ಹೊರಗೋಡೆಯಿಂದ ಹತ್ತು ಸೆಂಟಿಮೀಟರ್ ಬಿಡಿ. ಅಪ್ಪ ಅಮ್ಮನ ಮಂಚಕ್ಕೂ ಇದೇ ಮಾತು. ಡಾರ್ಮ್‌ಸ್ಟಾಟ್‌ನಲ್ಲಿ 1991ರಲ್ಲಿ ಕಟ್ಟಿದ ಮೊದಲ ಪಾಸಿವ್ ಹೌಸ್‌ಗೆ ಹೀಟರ್ ಬೇಕಾಗುವುದೇ ಅಪರೂಪ, ಅಷ್ಟು ಬಿಗಿ. ಅಂಥವರೂ ಗಾಳಿ ಬಂದು ಹೋಗಲು ಪ್ರತ್ಯೇಕ ಯಂತ್ರ ಇಟ್ಟಿದ್ದಾರೆ, ಹೋಗುವ ಗಾಳಿಯ ಬಿಸಿಯನ್ನು ಬರುವ ಗಾಳಿಗೆ ದಾಟಿಸಿಕೊಳ್ಳುತ್ತಾರೆ.

ಹೀಟರ್ ತಿರುಗಣಿಯ ಮೇಲಿನ ಅಂಕಿ ಏನು ಅಂತ ಕೇಳಿದ್ದಿರಿ. 3 ಅಂದರೆ ಸುಮಾರು 20 ಡಿಗ್ರಿ. 5ಕ್ಕೆ ತಿರುಗಿಸಿದರೆ ಬೇಗ ಬಿಸಿಯಾಗಲ್ಲ, ಜಾಸ್ತಿ ಬಿಸಿಯಾಗುತ್ತದೆ ಅಷ್ಟೇ. ಬಿಲ್ಲು ವರ್ಷಕ್ಕೊಮ್ಮೆ ಲೆಕ್ಕ ಹಾಕಿ ಬರುತ್ತದೆ, ಸ್ವಲ್ಪ ದುಡ್ಡು ಎತ್ತಿಟ್ಟಿರಿ. ಮುಂದಿನ ಮನೆ ನೋಡುವಾಗ ಶಕ್ತಿಯ ಸರ್ಟಿಫಿಕೇಟ್, ಅಂದರೆ ಆ ಮನೆಗೆ ಎಷ್ಟು ಶಕ್ತಿ ಖರ್ಚಾಗುತ್ತದೆ ಅಂತ ಹೇಳುವ ಕಾಗದ, ಕೇಳಿ, ತೋರಿಸಲೇಬೇಕು. ಎ ಪ್ಲಸ್‌ನಿಂದ ಎಚ್ ತನಕ ಇರುತ್ತದೆ. ಎಚ್ ಅಂದರೆ ಬಾಡಿಗೆಯಲ್ಲಿ ಉಳಿಸಿದ್ದು ಹೀಟರಿಗೆ.

ಸದ್ದಿನ ವಿಷಯವೇ ಬೇರೆ. ಥರ್ಮೋಕೋಲ್ ಬಿಸಿ ತಡೆಯುತ್ತದೆ ಅಂತ ಸದ್ದೂ ತಡೆಯುತ್ತದೆ ಅಂದುಕೊಳ್ಳಬೇಡಿ. ಅದು ಹಗುರ. ಗಾಳಿಯಲ್ಲಿ ಬರುವ ಸದ್ದನ್ನು ನಿಲ್ಲಿಸಲು ಭಾರ ಬೇಕು, ಸಂದಿ ಮುಚ್ಚಿರಬೇಕು. ಗಟ್ಟಿ ಥರ್ಮೋಕೋಲ್ ಅಂಟಿಸಿದ ಗೋಡೆ ಕೆಲವು ಸ್ವರಕ್ಕೆ ತಾನೂ ನಡುಗಿ ಸದ್ದು ಹೆಚ್ಚಿಸುವುದೂ ಇದೆ. ರಸ್ತೆಯ ಸದ್ದಿಗೆ ಒಂದು ಪರೀಕ್ಷೆ ಮಾಡಿ. ಒಂದು ಹಾಳೆಯನ್ನು ಕಿಟಕಿಯ ಸಂದಿಯಲ್ಲಿಟ್ಟು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಸವೆದಿದೆ, ಯಜಮಾನರಿಗೆ ಬರೆಯಿರಿ. ಕಿಟಕಿ ಮೇಲೆ ಸುರುಳಿ ಬಾಗಿಲಿನ ಪೆಟ್ಟಿಗೆ ಇದ್ದರೆ ಅದನ್ನೂ ನೋಡಲು ಹೇಳಿ. ಚಳಿ, ಸದ್ದು ಎರಡೂ ನುಸುಳುವ ಕಳ್ಳದಾರಿ ಅದು.

ಮೇಲಿನವರ ಹೆಜ್ಜೆ ಸದ್ದಿಗೆ ನಿಮ್ಮ ಚಾವಣಿಯಲ್ಲಿ ಮದ್ದಿಲ್ಲ. ಅದು ಕಾಂಕ್ರೀಟಿನ ಒಳಗೇ ನಡೆದು ಬರುತ್ತದೆ. ಹೊಸ ಮನೆಗಳಲ್ಲಿ ಚಪ್ಪಡಿ ಮೇಲೆ ಮೆತ್ತನೆ ಪದರ ಹಾಸಿ, ಅದರ ಮೇಲೆ ಗೋಡೆಗೆ ತಾಗದ ಹಾಗೆ ನೆಲ ಹಾಕುತ್ತಾರೆ. ನಿಮ್ಮ ಬಿಲ್ಡಿಂಗಿನ ಕಾಲದಲ್ಲಿ ಇದನ್ನು ಅಷ್ಟಾಗಿ ನೋಡುತ್ತಿರಲಿಲ್ಲ. ಮೇಲಿನವರು ಕಾರ್ಪೆಟ್ ಹಾಸಿದರೆ ನಿಮಗೆ ನಿದ್ದೆ. ಮೈಸೂರು ಪಾಕ್ ಹಿಡಿದು ಹೋಗಿ ಕೇಳಿ. ಮೆತ್ತಗಿದ್ದರೆ ಒಳ್ಳೆಯದು.

ನೀವೂ ಯಾರಿಗೋ ಮೇಲಿನವರೇ ಅನ್ನುವುದು ನೆನಪಿರಲಿ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ, ಭಾನುವಾರ ಇಡೀ ದಿನ ಸದ್ದು ಮಾಡಬಾರದು. ಒಂದು ಭಾನುವಾರ ಅಮ್ಮ ನೆಲದ ಮೇಲೆ ಕುಟ್ಟಾಣಿ ಇಟ್ಟುಕೊಂಡು ಶುಂಠಿ ಜಜ್ಜುತ್ತಿದ್ದಳು. ಕೆಳಗಿನ ಅಜ್ಜಿ ಪೊರಕೆ ಕೋಲಿನಿಂದ ಚಾವಣಿಗೆ ಬಡಿದರು. ಅಮ್ಮ ಅದನ್ನು ಯಾರೋ ಕುಟ್ಟುತ್ತಿದ್ದಾರೆ ಅಂತ ತಿಳಿದು, 'ಪರವಾಗಿಲ್ಲ, ಇಲ್ಲೂ ಶುಂಠಿ ಕಾಫಿ ಕುಡಿಯುತ್ತಾರೆ' ಅಂದಳು. ಆಮೇಲೆ ನಾನು ವಿವರಿಸಿದ ಮೇಲೆ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಕುಟ್ಟಾಣಿ ಇಟ್ಟಳು. ಕೆಳಗಿನಿಂದ ಮತ್ತೆ ಸದ್ದು ಬರಲಿಲ್ಲ.

ಊರಿಂದ ಕಂಬಳಿ ತರಿಸಬೇಕಾ, ಇಲ್ಲೇ ಹೊದಿಕೆ ಸಿಗುತ್ತಾ ಅಂತ ಕೇಳಿದ್ದಿರಿ. ಇಲ್ಲಿ ಒಳ್ಳೆಯದೇ ಸಿಗುತ್ತದೆ, ಹೊರುವ ಭಾರ ಬೇಡ. ಆದರೂ ಒಂದು ತರಲಿ. ಅಮ್ಮ ಬಿಟ್ಟು ಹೋದದ್ದು ನಮ್ಮ ಅಡುಗೆಮನೆಯಲ್ಲಿ ಇನ್ನೂ ಮಿಕ್ಸಿ ಕೆಳಗಿದೆ.