ಕಾಲೇಜಿನ ಬೀರುವಿನಲ್ಲಿರುವ ಹರ್ಬೇರಿಯಂ ಹಾಳೆಗಳನ್ನು ಆನ್‌ಲೈನ್ ಪಾಠಕ್ಕೆ ತರುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಡಿಗ್ರಿ ಕಾಲೇಜಿನ ಬಾಟನಿ ವಿಭಾಗದಲ್ಲಿ ಸುಮಾರು 400 ಹರ್ಬೇರಿಯಂ ಹಾಳೆಗಳಿವೆ (ಒಣಗಿಸಿದ ಗಿಡವನ್ನು ಅಂಟಿಸಿ, ಅದರ ವಿವರದ ಲೇಬಲ್ ಹಚ್ಚಿದ ಹಾಳೆಗಳು), ಕೆಲವು ತುಂಬಾ ಹಳೆಯವು. ಅವನ್ನು ಆನ್‌ಲೈನ್ ಪಾಠಕ್ಕೆ ಬಳಸಬೇಕು. ಸ್ಕ್ಯಾನರ್ ಕೊಳ್ಳಲು ದುಡ್ಡಿಲ್ಲ. ಫೋನಿನಲ್ಲೇ ಆಗುತ್ತಾ?

ಆಗುತ್ತದೆ. ಆದರೆ 400 ಹಾಳೆಗೂ ಒಟ್ಟಿಗೆ ಕೈ ಹಾಕಬೇಡಿ. ನಾನೂ ಬಿಎಸ್ಸಿ ಮಕ್ಕಳಿಗೆ ಟ್ಯಾಕ್ಸಾನಮಿ, ಅಂದರೆ ಗಿಡಗಳ ವರ್ಗೀಕರಣ, ಹೇಳಿಕೊಡುವವನೇ, ನಮ್ಮ ವಿಭಾಗದಲ್ಲೂ ಈ ಕೆಲಸ ನಡೆದಿದೆ. ಮೊದಲು ಸಿಲಬಸ್ ತೆಗೆದು ಪಕ್ಕದಲ್ಲಿಡಿ. ಅದರಲ್ಲಿರುವ ಒಂದೊಂದು ಸಸ್ಯ ಕುಟುಂಬಕ್ಕೂ ಮೂರು ನಾಲ್ಕು ಒಳ್ಳೆಯ ಹಾಳೆ ಆರಿಸಿ. ಹೂವು, ಕಾಯಿ ಎರಡೂ ಇರುವ ಹಾಳೆಗೆ ಮೊದಲ ಮಣೆ.

ಎಲ್ಲವನ್ನೂ ಯಾಕೆ ಬೇಡ ಅಂದರೆ, ಆ ಕೆಲಸ ಮಾಡುವವರು ಬೇರೆ ಇದ್ದಾರೆ. ಬೊಟಾನಿಕಲ್ ಸರ್ವೆ ಆಫ್ ಇಂಡಿಯಾದ 'ಇಂಡಿಯನ್ ವರ್ಚುವಲ್ ಹರ್ಬೇರಿಯಂ' ಇದೆ. ಬೆಂಗಳೂರಿನ ಐಐಎಸ್ಸಿಯ ಜೆಸಿಬಿ ಹರ್ಬೇರಿಯಂ ಕೂಡ ದಕ್ಷಿಣ ಭಾರತದ ಗಿಡಗಳ ಚಿತ್ರ, ವಿವರಗಳನ್ನು ಜಾಲತಾಣದಲ್ಲಿ ಇಟ್ಟಿದೆ. (ಈ ಜೆಸಿಬಿಗೂ ಮಣ್ಣು ಅಗೆಯುವ ಯಂತ್ರಕ್ಕೂ ಸಂಬಂಧ ಇಲ್ಲ. ಆ ಸಂಗ್ರಹದ ಬೇರು ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿದೆ.) ಹೊಂಗೆ ಹೇಗಿರುತ್ತದೆ ಅಂತ ತೋರಿಸಲು ಅವೇ ಸಾಕು. ನಿಮ್ಮ ಬೀರುವಿನಲ್ಲಿ ಇರುವುದು ನಿಮ್ಮ ತಾಲ್ಲೂಕಿನ ಗಿಡ. ವಿದ್ಯಾರ್ಥಿ ಸೈಕಲ್ಲಿನಲ್ಲಿ ಹೋಗಿ ಅದೇ ಕೆರೆ ಏರಿಯ ಮೇಲೆ ಇವತ್ತೂ ಹುಡುಕಬಹುದಾದ ಗಿಡ. ಅದು ಆ ದೊಡ್ಡ ಸಂಸ್ಥೆಗಳ ಹತ್ತಿರ ಇಲ್ಲ.

ಕೆಲಸಕ್ಕೆ ಮೊದಲು ಒಂದು ಎಚ್ಚರಿಕೆ. ಹಳೆಯ ಹಾಳೆಗಳಿಗೆ ಹುಳು ಹಿಡಿಯದಿರಲಿ ಅಂತ ಮರ್ಕ್ಯುರಿಕ್ ಕ್ಲೋರೈಡ್ ಹಚ್ಚುವ ರೂಢಿ ಇತ್ತು. ಪಾದರಸದ ಆ ವಿಷ ಎಷ್ಟು ವರ್ಷವಾದರೂ ಕಾಗದದಲ್ಲಿ ಉಳಿದಿರುತ್ತದೆ. ಕೈಗೆ ಗ್ಲೌಸ್ ಇರಲಿ, ಕಿಟಕಿ ತೆರೆದಿರಲಿ, ಅದೇ ಮೇಜಿನ ಮೇಲೆ ಕಾಫಿ, ತಿಂಡಿ ಬೇಡ. ಮಕ್ಕಳನ್ನು ಸಹಾಯಕ್ಕೆ ಕರೆದರೆ ಅವರಿಗೂ ಇದೇ ನಿಯಮ.

ಇನ್ನು ಫೋಟೊ. ಹರ್ಬೇರಿಯಂ ಹಾಳೆ ಸಾಮಾನ್ಯವಾಗಿ 28 × 42 ಸೆಂ.ಮೀ. ಇರುತ್ತದೆ. ಎ4 ಸ್ಕ್ಯಾನರಿಗೆ ಹಿಡಿಯುವುದಿಲ್ಲ. ಎ3 ಸಿಕ್ಕಿದರೂ ಹಾಳೆಯನ್ನು ಬೋರಲು ಹಾಕಬೇಕು, ಒಣಗಿದ ಹೂವು ಉದುರುತ್ತದೆ. ಇದೇ ಕಾರಣಕ್ಕೆ ಲಂಡನ್ನಿನ ಕ್ಯೂ ಗಾರ್ಡನ್ಸ್‌ನವರು ಸ್ಕ್ಯಾನರನ್ನೇ ತಲೆಕೆಳಗು ಮಾಡಿ, ಹಾಳೆಯನ್ನು ಕೆಳಗಿನಿಂದ ಎತ್ತಿ ಗಾಜಿಗೆ ತಾಗಿಸುವ ಹರ್ಬ್‌ಸ್ಕ್ಯಾನ್ ಎಂಬ ಸಾಧನ ಬಳಸಿದರು. ನಮಗೆ ಕೆಮಿಸ್ಟ್ರಿ ಲ್ಯಾಬಿನ ರಿಟಾರ್ಟ್ ಸ್ಟ್ಯಾಂಡ್ ಸಾಕು. ಫೋನನ್ನು ಅದರ ಕ್ಲ್ಯಾಂಪಿಗೆ ಸಿಕ್ಕಿಸಿ, ಕ್ಯಾಮೆರಾ ನೇರ ಕೆಳಕ್ಕೆ ನೋಡುವಂತೆ ಇಡಿ. ಸ್ಟ್ಯಾಂಡಿನ ಬುಡಕ್ಕೆ ಒಂದೆರಡು ಇಟ್ಟಿಗೆ ಹೇರಿ, ಇಲ್ಲದಿದ್ದರೆ ವಾಲುತ್ತದೆ. ಎರಡೂ ಕಡೆಯಿಂದ ಒಂದೊಂದು ಎಲ್‌ಇಡಿ ಟ್ಯೂಬ್ ಓರೆಯಾಗಿ ಬೆಳಕು ಬಿಡಲಿ. ಫ್ಲ್ಯಾಶ್ ಬೇಡ, ವೈಡ್ ಲೆನ್ಸ್ ಬೇಡ, ಫೋಟೊ ಚಂದ ಮಾಡುವ ಎಐ ಆಯ್ಕೆ ಇದ್ದರೆ ಅದನ್ನೂ ಆಫ್ ಮಾಡಿ. ಹಾಳೆಯ ಅಂಚಿನಲ್ಲಿ ಒಂದು ಸ್ಕೇಲು ಕಾಣಬೇಕು. ಸ್ಕೇಲಿಲ್ಲದ ಚಿತ್ರದಲ್ಲಿ ಎಲೆ ಬೆರಳಷ್ಟೋ ಅಂಗೈಯಷ್ಟೋ ಯಾರಿಗೂ ಗೊತ್ತಾಗುವುದಿಲ್ಲ.

12 ಮೆಗಾಪಿಕ್ಸೆಲ್ ಫೋಟೊದ ಉದ್ದ ಭಾಗದಲ್ಲಿ ಸುಮಾರು 4000 ಚುಕ್ಕೆಗಳಿರುತ್ತವೆ. ಅದನ್ನು 42 ಸೆಂ.ಮೀ.ಗೆ ಹಂಚಿದರೆ ಒಂದು ಮಿಲಿಮೀಟರಿಗೆ ಒಂಬತ್ತೋ ಹತ್ತೋ ಚುಕ್ಕೆ. ಲೇಬಲ್ ಓದಲು, ಎಲೆಯ ನರ ನೋಡಲು ಸಾಕು. ಎಲೆಯ ಮೇಲಿನ ರೋಮ, ಕೇಸರದ ತುದಿ ಕಾಣುವುದಿಲ್ಲ. ದೊಡ್ಡ ಹರ್ಬೇರಿಯಂಗಳ 600 ಪಿಪಿಐ (ಇಂಚಿಗೆ 600 ಚುಕ್ಕೆ) ಸ್ಕ್ಯಾನಿನಲ್ಲಿ ಮಿಲಿಮೀಟರಿಗೆ ಸುಮಾರು 24 ಚುಕ್ಕೆ ಸಿಗುತ್ತವೆ. ಅದರ ಜೊತೆ ಪೈಪೋಟಿ ಬೇಡ. ಬೇಕಾದ ಕಡೆ ಡಿಸೆಕ್ಟಿಂಗ್ ಮೈಕ್ರೋಸ್ಕೋಪಿನ ಐಪೀಸಿಗೆ ಫೋನ್ ಹಿಡಿದು ಎರಡು ಕ್ಲೋಸಪ್ ತೆಗೆದುಬಿಡಿ. ಪಾಠಕ್ಕೆ ಅದೇ ಜಾಸ್ತಿ ಉಪಯೋಗ.

ನಿಜವಾದ ಕೆಲಸ ಇರುವುದು ಲೇಬಲ್ಲಿನಲ್ಲಿ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಸುಮ್ನೆ ಫೋಟೊ ರಾಶಿ ಹಾಕಿದರೆ ಆರು ತಿಂಗಳಲ್ಲಿ ನಿಮಗೇ ಏನೂ ಸಿಗುವುದಿಲ್ಲ. ಪ್ರತಿ ಹಾಳೆಗೂ ಒಂದು ನಂಬರ್, ಫೋಟೊ ಫೈಲಿಗೂ ಅದೇ ನಂಬರ್. ಆಮೇಲೆ ಒಂದು ಶೀಟಿನಲ್ಲಿ ಗಿಡದ ಹೆಸರು, ಊರು, ತಾರೀಕು, ಸಂಗ್ರಹಿಸಿದವರು. ಕಾಲಂಗಳಿಗೆ ಡಾರ್ವಿನ್ ಕೋರ್ ಎಂಬ ಜಾಗತಿಕ ಮಾದರಿಯ ಹೆಸರುಗಳನ್ನೇ ಇಟ್ಟರೆ ಮುಂದೆ ಬೇರೆ ಕಡೆ ಸೇರಿಸುವುದು ಸುಲಭ.

ತಾರೀಕಿನ ವಿಷಯದಲ್ಲಿ ಎಕ್ಸೆಲ್ಲನ್ನು ನಂಬಬೇಡಿ. ಲೇಬಲ್ಲಿನಲ್ಲಿ 5/8/28 ಅಂತ ಇದ್ದರೆ ಮಾಮೂಲಿ ಸೆಟ್ಟಿಂಗಿನಲ್ಲಿ ಅದು 2028 ಅಂತ ತಿಳಿದುಕೊಳ್ಳುತ್ತದೆ. ದಿನ, ತಿಂಗಳು, ವರ್ಷಕ್ಕೆ ಮೂರು ಬೇರೆ ಕಾಲಂ ಮಾಡಿ, ತಲೆನೋವು ಹೋಗುತ್ತದೆ.

ಊರಿನ ಹೆಸರು ಇನ್ನೂ ಸ್ವಾರಸ್ಯ. ಹಳೆಯ ಲೇಬಲ್ಲಿನಲ್ಲಿ 'ನಂದಿ ಬೆಟ್ಟ, ಕೋಲಾರ ಜಿಲ್ಲೆ' ಅಂತ ಇರುತ್ತದೆ. 2007ರಿಂದ ಅದು ಚಿಕ್ಕಬಳ್ಳಾಪುರ ಜಿಲ್ಲೆ. 'ಸೌತ್ ಕೆನರಾ' ಅಂತ ಬರೆದದ್ದು ಇವತ್ತಿನ ದಕ್ಷಿಣ ಕನ್ನಡವೂ ಆಗಬಹುದು, ಉಡುಪಿಯೂ ಆಗಬಹುದು. ತಿದ್ದಬೇಡಿ. ಲೇಬಲ್ಲಿನಲ್ಲಿ ಇದ್ದದ್ದು ಇದ್ದ ಹಾಗೆ ಒಂದು ಕಾಲಂ, ಇವತ್ತಿನ ಹೆಸರು ಇನ್ನೊಂದು ಕಾಲಂ.

ಗಿಡದ ಹೆಸರಿಗೂ ಅದೇ ಕ್ರಮ. ತಂಗಡಿ ಹಳೆಯ ಹಾಳೆಯಲ್ಲಿ ಕ್ಯಾಸಿಯಾ ಆರಿಕ್ಯುಲೇಟಾ, ಈಗ ಸೆನ್ನಾ ಆರಿಕ್ಯುಲೇಟಾ. ಕರಿಜಾಲಿ ಅಕೇಶಿಯಾ ಆಗಿದ್ದದ್ದು ವಚೇಲಿಯಾ ಆಗಿದೆ. ಹೊಂಗೆಯಂತೂ ಪೊಂಗಾಮಿಯಾದಿಂದ ಮಿಲೆಟ್ಟಿಯಾಕ್ಕೆ ಹೋಗಿ ಈಗ ಮತ್ತೆ ಪೊಂಗಾಮಿಯಾಕ್ಕೇ ಬಂದು ಕೂತಿದೆ! ಇವತ್ತಿನ ಹೆಸರನ್ನು ಕ್ಯೂನವರ 'ಪ್ಲಾಂಟ್ಸ್ ಆಫ್ ದಿ ವರ್ಲ್ಡ್ ಆನ್‌ಲೈನ್'ನಲ್ಲಿ ನೋಡಿ ತುಂಬಿ.

ಈ ಗೊಂದಲವೇ ಒಳ್ಳೆಯ ಪಾಠ. ಎಕ್ಕದ ಹಾಳೆಯ ಮೇಲೆ ಕುಟುಂಬದ ಹೆಸರು ಆಸ್ಕ್ಲಿಪಿಯಡೇಸಿ ಅಂತ ಇರುತ್ತದೆ. ನಾವು ಕಲಿಸುವ ಬೆಂಥಮ್ ಮತ್ತು ಹೂಕರ್ ಅವರ ಹಳೆಯ ವರ್ಗೀಕರಣದಲ್ಲಿ ಅದು ಸರಿ. ಡಿಎನ್‌ಎ ಆಧಾರದ ಹೊಸ ವರ್ಗೀಕರಣವಾದ 2016ರ ಎಪಿಜಿ 4ರಲ್ಲಿ ಎಕ್ಕ ಇರುವುದು ಕಣಗಿಲೆ ಇರುವ ಅಪೋಸೈನೇಸಿಯಲ್ಲಿ. ಎಕ್ಕ, ಕಣಗಿಲೆ ಎರಡರ ಹಾಳೆಯನ್ನೂ ಅಕ್ಕಪಕ್ಕ ಹಾಕಿ 'ಇವೆರಡನ್ನು ಯಾಕೆ ಸೇರಿಸಿದರು?' ಅಂತ ಕೇಳಿ. ಬಾಯಿಪಾಠ ಮಾಡಿದವರು ತಡವರಿಸುತ್ತಾರೆ, ನೋಡಿದವರು ಮಾತಾಡುತ್ತಾರೆ.

ನನಗೆ ತುಂಬಾ ಇಷ್ಟವಾದ ಇನ್ನೊಂದು ಕೆಲಸ ಇದೆ. ಲೇಬಲ್ ಮುಚ್ಚಿದ ಹೊಂಗೆಯ ಚಿತ್ರ ಕೊಟ್ಟು 'ಒಂದು ಎಲೆಗೆ ಗುರುತು ಹಾಕಿ' ಅನ್ನಿ. ಹೊಂಗೆಯ ಒಂದು ಎಲೆಯಲ್ಲಿ ಹಲವು ಕಿರುಎಲೆಗಳಿರುತ್ತವೆ, ಹೆಚ್ಚಿನವರು ಅವುಗಳಲ್ಲಿ ಒಂದಕ್ಕೆ ಗುರುತು ಹಾಕುತ್ತಾರೆ. ಆಗ ಮೊಗ್ಗು ಎಲ್ಲಿದೆ ಹುಡುಕಲು ಹೇಳಿ. ಕಿರುಎಲೆಯ ಕಂಕುಳಲ್ಲಿ (ತೊಟ್ಟು ಸೇರುವ ಮೂಲೆಯಲ್ಲಿ) ಮೊಗ್ಗು ಇರುವುದಿಲ್ಲ, ಇಡೀ ಎಲೆಯ ಕಂಕುಳಲ್ಲಿ ಇರುತ್ತದೆ. ಇದನ್ನು ತರಗತಿಯ ಹಿಂದಿನ ಬೆಂಚಿನಿಂದ ಹಾಳೆ ನೋಡಿ ಕಲಿಯಲು ಆಗಲ್ಲ. ಫೋನಿನಲ್ಲಿ ಝೂಮ್ ಮಾಡಿ ಕಲಿಯಬಹುದು.

ಚಿತ್ರಕ್ಕೆ ನಿಲುಕದ್ದೂ ಇದೆ. ಒಣಗಿದ ಹೂವಿನ ಬಣ್ಣ ಹೋಗಿರುತ್ತದೆ, ತುಂಬೆಯ ಚೌಕ ಕಾಂಡ ಒತ್ತಿ ಚಪ್ಪಟೆಯಾಗಿರುತ್ತದೆ. ಎಕ್ಕದ ಹಾಲು ಹಾಳೆಯಲ್ಲಿ ಎಲ್ಲಿ ಬರಬೇಕು? ಹಾಗಾಗಿ ಪ್ರತಿ ಹಾಳೆಯ ಜೊತೆ ಜೀವಂತ ಗಿಡದ ಒಂದು ಫೋಟೊ ಇರಲಿ. ತುಂಬೆಯಂಥ ಗಿಡವನ್ನು ಮಕ್ಕಳೇ ಮನೆ ಹತ್ತಿರ ಹುಡುಕಿ, ಕಾಂಡವನ್ನು ಬೆರಳಲ್ಲಿ ಉರುಳಿಸಿ ನೋಡಲಿ.

ಎಲ್ಲಿ ಹಾಕಬೇಕು ಅನ್ನುವುದಕ್ಕೆ ಜಾಸ್ತಿ ಯೋಚಿಸಬೇಡಿ. ಒಂದು ಫೋಟೊ ನಾಲ್ಕೈದು ಎಂಬಿ ಅಂದುಕೊಂಡರೂ 400 ಹಾಳೆಗೆ ಎರಡು ಜಿಬಿ. ಕಾಲೇಜಿನ ಗೂಗಲ್ ಡ್ರೈವ್ ಸಾಕು, ಒಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿರಲಿ. ಎಲ್ಲರಿಗೂ ತೆರೆದಿಡುವುದಾದರೆ ವಿಕಿಮೀಡಿಯ ಕಾಮನ್ಸ್ ಇದೆ, ಆದರೆ ಮೊದಲು ಪ್ರಿನ್ಸಿಪಾಲರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಮತ್ತೆ ಶ್ರೀಗಂಧ, ಕಾಡಿನ ಅಶೋಕ, ಅಪರೂಪದ ಆರ್ಕಿಡ್ ಇದ್ದರೆ ಕದಿಯುವವರಿಗೆ ಜಾಗ ತಿಳಿಯದಂತೆ ಸಾರ್ವಜನಿಕ ಪ್ರತಿಯಲ್ಲಿ ತಾಲ್ಲೂಕಿನ ಹೆಸರಷ್ಟೇ ಇರಲಿ. ಫೋಟೊದಲ್ಲಿ ಲೇಬಲ್ ಕಾಣುತ್ತಿದ್ದರೆ ಊರಿನ ಸಾಲನ್ನು ಮುಚ್ಚಿ. ಪೂರ್ತಿ ಜಾಗದ ವಿವರ ವಿಭಾಗದ ಕಂಪ್ಯೂಟರಿನಲ್ಲಿ ಮಾತ್ರ ಇಟ್ಟುಕೊಳ್ಳಿ.