ಕ್ಯಾಮೆರಾ ಬಾಡಿ ಬದಲಿಸಬೇಕಾ, ಲೆನ್ಸ್ ಸಾಕಾ?

ಮೊದಲ ಡಿಎಸ್ಎಲ್ಆರ್ ಕ್ಯಾಮೆರಾ ಜೊತೆ ಬಂದ 18-55 ಎಂಎಂ ಜೂಮ್ ಲೆನ್ಸಿನಲ್ಲಿ ಮನೆಯೊಳಗಿನ ಫೋಟೋ ಮಸುಕಾಗುತ್ತದೆ, ಹೊಸ ಕ್ಯಾಮೆರಾ ಕೊಳ್ಳಲಾ ಎಂದು ಕೇಳಿದ್ದೀರಿ. ನನ್ನ ಮಾತು ಕೇಳಿ, ಮೊದಲು ಲೆನ್ಸ್ ಬದಲಿಸಿ.

ಆ ಲೆನ್ಸನ್ನು 55ಕ್ಕೆ ಜೂಮ್ ಮಾಡಿದರೆ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಸಾಮಾನ್ಯವಾಗಿ ಎಫ್/5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. 50 ಎಂಎಂ ಎಫ್/1.8 ಲೆನ್ಸ್ ಹಾಕಿದರೆ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. 1/10 ಸೆಕೆಂಡಿನಲ್ಲಿ ಕೈ ನಡುಗಿ ಕೆಟ್ಟ ಚಿತ್ರವನ್ನೇ ಈಗ 1/100ರಲ್ಲಿ ತೆಗೆಯಬಹುದು. ಮಗುವಿನ ರೆಪ್ಪೆಗೂದಲು ಕೂಡ ಸ್ಪಷ್ಟವಾಗಿ ಕಾಣುತ್ತದೆ! ಚಿಕ್ಕ ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ಇರುವ ಕ್ಯಾಮೆರಾದಲ್ಲಿ ಈ ಲೆನ್ಸ್ ಸುಮಾರು 75 ಎಂಎಂನಂತೆ, ಅಂದರೆ ಇನ್ನಷ್ಟು ಹತ್ತಿರಕ್ಕೆ ತೋರಿಸುತ್ತದೆ, ಹಾಗಾಗಿ ಎರಡು ಹೆಜ್ಜೆ ಹಿಂದೆ ನಿಲ್ಲಬೇಕು.

ಓಡುವ ಮಕ್ಕಳು, ಹಾರುವ ಹಕ್ಕಿಗಳ ಮೇಲೆ ಫೋಕಸ್ ನಿಲ್ಲುತ್ತಿಲ್ಲವಾ? ಆಗ ಹೊಸ ಬಾಡಿ ನೋಡಿ. ಸುಮ್ನೆ ಮೆಗಾಪಿಕ್ಸೆಲ್ ಎಣಿಸಬೇಡಿ. ಹಳೇ ಲೆನ್ಸ್ ಅದಕ್ಕೆ ಕೂರುತ್ತದಾ, ಆಟೋಫೋಕಸ್ ಆಗುತ್ತದಾ ಎಂದು ಮೊದಲೇ ಕೇಳಿಕೊಳ್ಳಿ.